ನಾಗವಲ್ಲಿಯ ತೆಲುಗು

2004ರ ಆಗಸ್ಟ್ 27ರಂದು ‘ಆಪ್ತಮಿತ್ರ’ ತೆರೆಗೆ ಬಂದಾಗ ಅದರ ನಾಯಕಿ ತೀರಿಕೊಂಡು ನಾಲ್ಕು ತಿಂಗಳು ಕಳೆದಿತ್ತು. ಚುನಾವಣಾ ಪ್ರಚಾರಕ್ಕೆಂದು ಏಪ್ರಿಲ್ 17ರಂದು ಜಕ್ಕೂರಿನಿಂದ ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ, ಮೇಲೇರಿದ ಸ್ವಲ್ಪ ಹೊತ್ತಿಗೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಉರಿಯಿತು. ಸೌಂದರ್ಯ ಮತ್ತು ಅವರ ಅಣ್ಣ ಅಮರನಾಥ್ ಅದರಲ್ಲಿದ್ದರು. ಆ ಸಾವು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಜನ ಟಿಕೆಟ್ ಕೊಂಡು ಒಳಗೆ ಕೂತರು. ಪರದೆಯ ಮೇಲೆ ಕಂಡದ್ದು ಸತ್ತುಹೋದ ನರ್ತಕಿಯೊಬ್ಬಳನ್ನು ಮೈಮೇಲೆ ಆವಾಹಿಸಿಕೊಂಡ ಹೆಣ್ಣು.

ಇಂಥ ಸಂದರ್ಭದಲ್ಲಿ ಬಂದ ಚಿತ್ರವನ್ನು ಚಿತ್ರವಾಗಿಯೇ ನೋಡುವುದು ಸುಲಭವಲ್ಲ. ವಿಷ್ಣುವರ್ಧನ್ ಮತ್ತು ಸೌಂದರ್ಯ ಅವರ ಅಭಿನಯಕ್ಕೆ ಮೆಚ್ಚುಗೆ ಧಾರಾಳವಾಗಿಯೇ ಸಿಕ್ಕಿತು. ಸೌಂದರ್ಯ ಅವರಿಗೆ ಮರಣೋತ್ತರವಾಗಿ ಫಿಲಂಫೇರ್ ಪ್ರಶಸ್ತಿಯೂ ಬಂತು. ಸಾಲು ಸಾಲು ಸೋಲಿನಿಂದ ಕಂಗೆಟ್ಟಿದ್ದ ನಿರ್ಮಾಪಕ ದ್ವಾರಕೀಶ್ ಈ ಚಿತ್ರದಿಂದ ಮತ್ತೆ ಎದ್ದು ನಿಂತರು. ಆದರೆ ಹೊಗಳಿಕೆಯ ಕೊನೆಗೆ ಒಂದು ಮಾತು ಅಂಟಿಕೊಂಡೇ ಇರುತ್ತಿತ್ತು: ಏನೇ ಆದರೂ ರಿಮೇಕ್ ತಾನೆ. ಆ ಒಂದು ಮಾತಿನಿಂದ ಚರ್ಚೆ ಮುಗಿದುಹೋಗುತ್ತಿತ್ತು. ಮೂಲದಿಂದ ಏನು ಬಂತು, ಏನು ಬದಲಾಯಿತು, ಬದಲಾದದ್ದರಿಂದ ಭಯ ಹೆಚ್ಚಿತೋ ಕಡಿಮೆಯಾಯಿತೋ ಎಂದು ಕೂತು ನೋಡಿದವರು ಕಡಿಮೆ. ಭಯದ ಸಿನಿಮಾಕ್ಕೆ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಅದೇ.

ಆ ಕಾಲದ ಮಡಿವಂತಿಕೆಗೆ ಕಾರಣವೂ ಇತ್ತು. ಸರ್ಕಾರದ ಸಹಾಯಧನ ಸ್ವಮೇಕ್ ಚಿತ್ರಗಳಿಗೆ ಮೀಸಲು, ರಿಮೇಕಿಗೆ ಇಲ್ಲ. ಗಾಂಧಿನಗರ ವರ್ಷವಿಡೀ ತಮಿಳು, ತೆಲುಗಿನ ಗೆದ್ದ ಚಿತ್ರಗಳ ಹಕ್ಕು ತಂದು ಪಡಿಯಚ್ಚು ತೆಗೆಯುತ್ತಿದ್ದುದರಿಂದ ಪತ್ರಕರ್ತರಿಗೆ ಬೇಸರ ಬಂದಿದ್ದುದು ಸಹಜ. ಇನ್ನೊಂದು ಕಡೆ, 1960ರ ದಶಕದಿಂದಲೂ ಡಬ್ಬಿಂಗ್ ವಿರುದ್ಧ ಚಿತ್ರರಂಗದ ಅಘೋಷಿತ ನಿಷೇಧವಿತ್ತು. ಅದು ತಪ್ಪೆಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಹಾಗಾಗಿ ಒಂದು ಮಲಯಾಳಂ ಕಥೆ ರಾಜಾಜಿನಗರದ ಮನೆಯವರಿಗೆ ಕನ್ನಡದಲ್ಲಿ ದಕ್ಕಬೇಕಾದರೆ ರಿಮೇಕ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ನವರಂಗ್‌ನಲ್ಲೋ ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್‌ನಲ್ಲೋ ಸಿನಿಮಾ ನೋಡುತ್ತಿದ್ದ ಬಹುಪಾಲು ಜನರಿಗೆ ‘ಆಪ್ತಮಿತ್ರ’ ನಕಲಾಗಿ ಬರಲಿಲ್ಲ, ಮೊದಲ ಸಲ ಕೇಳಿದ ಕಥೆಯಾಗಿ ಬಂತು. ವಿಮರ್ಶಕರು ಮತ್ತು ಪ್ರೇಕ್ಷಕರು ಬೇರೆ ಬೇರೆ ಚಿತ್ರಗಳನ್ನೇ ನೋಡಿದರು ಎನ್ನಬೇಕು.

ಮೂಲ ಚಿತ್ರ ‘ಮಣಿಚಿತ್ರತಾಳ್’ ಬಂದದ್ದು 1993ರ ಡಿಸೆಂಬರ್ 25ರಂದು. ಫಾಸಿಲ್ ನಿರ್ದೇಶನ, ಮಧು ಮುಟ್ಟಂ ಚಿತ್ರಕಥೆ. ಹಳೆಯ ತರವಾಡು ಮನೆಯೊಂದಕ್ಕೆ ನಕುಲನ್ ಮತ್ತು ಅವನ ಹೆಂಡತಿ ಗಂಗಾ ಬರುತ್ತಾರೆ. ಬೀಗ ಹಾಕಿದ ತೆಕ್ಕಿನಿಯ, ಅಂದರೆ ಮನೆಯ ದಕ್ಷಿಣ ಭಾಗದ ಕೋಣೆ, ಅದರೊಳಗೆ ತಂಜಾವೂರಿನಿಂದ ತಂದಿಟ್ಟಿದ್ದ ನಾಗವಲ್ಲಿ ಎಂಬ ನರ್ತಕಿಯ ಕಥೆ, ಅವಳನ್ನು ಕೊಂದ ಮನೆಯ ಯಜಮಾನ ಕಾರಣವರ್, ಅವಳ ಪ್ರಿಯಕರ. ಈ ಪ್ರಿಯಕರನ ಪಾತ್ರದಲ್ಲಿ ಕುಣಿದವರು ನಮ್ಮ ಶ್ರೀಧರ್. 1990ರ ‘ಸಂತ ಶಿಶುನಾಳ ಶರೀಫ’ದಲ್ಲಿ ಶರೀಫರಾಗಿದ್ದ ಅದೇ ಶ್ರೀಧರ್. ಅಂದರೆ ಕನ್ನಡಕ್ಕೆ ಬರುವ 11 ವರ್ಷ ಮೊದಲೇ ಆ ಕಥೆಯೊಳಗೆ ಒಬ್ಬ ಕನ್ನಡ ನರ್ತಕ ಹೆಜ್ಜೆ ಹಾಕಿದ್ದರು.

ಫಾಸಿಲ್ ಚಿತ್ರದಲ್ಲಿ ದೆವ್ವವಿಲ್ಲ. ಎಳವೆಯಲ್ಲಿ ತಂದೆತಾಯಿಯಿಂದ ದೂರವಾಗಿ ಅಜ್ಜಿಯ ಹತ್ತಿರ ಬೆಳೆದ ಗಂಗಾಳ ಮನಸ್ಸು ಹಳೆಯ ಮನೆಯ ಕಥೆಗಳನ್ನು ಹೀರಿಕೊಂಡು ಎರಡಾಗಿ ಒಡೆಯುತ್ತದೆ. ಅದನ್ನು ಕಂಡುಹಿಡಿಯುವವನು ಮೋಹನ್‌ಲಾಲ್ ಮಾಡಿದ ಮನೋವೈದ್ಯ ಡಾ. ಸನ್ನಿ. ಚಿತ್ರ ಸಾಕಷ್ಟು ದೂರ ಸಾಗಿದ ಮೇಲೆ ಅವನ ಪ್ರವೇಶ. ಅಷ್ಟರೊಳಗೆ ಆ ಮನೆ, ಅದರ ಮೊಗಸಾಲೆ, ಅದರ ಗುಸುಗುಸು ನೋಡುವವರ ಮೈಗೆ ಹತ್ತಿರುತ್ತದೆ. ಚಿತ್ರ ಮನರಂಜನೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆಯಿತು, ಶೋಭನಾ ಶ್ರೇಷ್ಠ ನಟಿಯಾದರು.

ಗಂಗಾ ಮಲಯಾಳಿ, ಅವಳೊಳಗೆ ಹೊಕ್ಕ ನಾಗವಲ್ಲಿ ತಮಿಳತಿ. ಇಲ್ಲೇ ಇರುವುದು ಆ ಚಿತ್ರಕಥೆಯ ಜಾಣ್ಮೆ. ಕೇರಳದವರಿಗೆ ತಮಿಳು ಗೊತ್ತಿಲ್ಲದ ಭಾಷೆಯಲ್ಲ, ತಮ್ಮದೂ ಅಲ್ಲ. ಅರ್ಥವಾಗುವಷ್ಟು ಹತ್ತಿರ, ಬೆಚ್ಚಿಬೀಳುವಷ್ಟು ದೂರ. ಹಾಸಿಗೆ ಹಂಚಿಕೊಂಡ ಹೆಂಡತಿ ಇದ್ದಕ್ಕಿದ್ದ ಹಾಗೆ ಪಕ್ಕದ ನಾಡಿನ ಮಾತಿನಲ್ಲಿ ಗದರಿದರೆ ಗಂಡನಿಗೆ ಆಗುವ ದಿಗಿಲಿದೆಯಲ್ಲ, ಅದನ್ನು ಯಾವ ಮುಖವಾಡ, ಯಾವ ಬಿಳಿ ಸೀರೆ, ಯಾವ ಕಿರುಚಾಟವೂ ಹುಟ್ಟಿಸಲಾರದು.

ನಿರ್ದೇಶಕ ಪಿ. ವಾಸು ಇದನ್ನು ಕನ್ನಡಕ್ಕೆ ತರುವಾಗ ನಾಗವಲ್ಲಿಯನ್ನು ಆಂಧ್ರದವಳನ್ನಾಗಿ ಮಾಡಿದರು. ಸಣ್ಣ ಬದಲಾವಣೆಯ ಹಾಗೆ ಕಾಣುತ್ತದೆ. ‘ಆಪ್ತಮಿತ್ರ’ ಗೆದ್ದದ್ದೇ ಇದರಿಂದ. ಪಶ್ಚಿಮ ಬೆಂಗಳೂರನ್ನೇ ತೆಗೆದುಕೊಂಡರೆ ವಿಷಯ ತಿಳಿಯಾಗುತ್ತದೆ. ಶ್ರೀರಾಂಪುರ, ಪ್ರಕಾಶನಗರದ ಕಡೆ ತಮಿಳು ಮಾತಾಡುವ ಮನೆಗಳು ಬೇಕಾದಷ್ಟು. ಮಾಗಡಿ ರಸ್ತೆ, ವಿಜಯನಗರದ ಓಣಿಗಳಲ್ಲಿ ತೆಲುಗು ಅಡುಗೆಮನೆಯ ಕಿಟಕಿಯಿಂದಲೇ ಕೇಳುತ್ತದೆ. ಇಂಥ ಊರಿನ ಪ್ರೇಕ್ಷಕನಿಗೆ ತೆಲುಗು ಹಾಡು ಬಂದಾಗ ಕೆಳಗೆ ಅಕ್ಷರ ಓದುವ ಅಗತ್ಯವಿಲ್ಲ. ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಆ ತಿಳಿಯದ ಅರ್ಧದಲ್ಲಿ ಭಯ ಮನೆ ಮಾಡುತ್ತದೆ. ಗುರುಕಿರಣ್ ಸಂಗೀತದ ‘ರಾ ರಾ’ ಹಾಡು ಇಡೀ ಚಿತ್ರಕ್ಕಿಂತ ಹೆಚ್ಚು ಕಾಲ ಜನರ ಬಾಯಲ್ಲಿ ಉಳಿದದ್ದು ಇದಕ್ಕೇ.

ಸೌಂದರ್ಯ ಅವರ ಆಯ್ಕೆಯೂ ಇದಕ್ಕೆ ಸರಿಯಾಗಿ ಹೊಂದಿತು. ಮುಳಬಾಗಿಲು ಕಡೆಯ ಕನ್ನಡದ ಮಗಳು, ತೆಲುಗು ಚಿತ್ರರಂಗದ ಅಗ್ರನಟಿಯಾಗಿ ಬೆಳೆದವರು. ಗಿರೀಶ ಕಾಸರವಳ್ಳಿ ಅವರ ‘ದ್ವೀಪ’ವನ್ನು ನಿರ್ಮಿಸಿ, ನಟಿಸಿ ಸ್ವರ್ಣಕಮಲ ತಂದವರು. ಗಂಗಾ ಕನ್ನಡದವಳು, ನಾಗವಲ್ಲಿ ತೆಲುಗಿನವಳು ಎಂಬ ಎರಡು ಪಾಲು ಅವರ ವೃತ್ತಿಜೀವನದಲ್ಲೇ ಇತ್ತು. ಅವರು ತೆಲುಗಿನವಳಾಗಿ ತಿರುಗಿ ನಿಂತಾಗ ನೋಡುವವರಿಗೆ ನಟನೆ ಎನಿಸಲಿಲ್ಲ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಹೊರಗೆ ಹೊರಟು ನಿಂತ ಹೆಂಡತಿಯನ್ನು ಗಂಡ ತಡೆಯುತ್ತಾನೆ. ವೈದ್ಯ ಹೇಳಿಕೊಟ್ಟಿರುವುದರಿಂದ ಬೇಕೆಂದೇ ತಡೆಯುತ್ತಾನೆ. ಮೊದಲು ಅವಳದು ಮುನಿಸು, ಸಂಸಾರಸ್ಥ ಹೆಣ್ಣಿನ ಮಾಮೂಲು ಮುನಿಸು. ಯಾಕೆ ಹೋಗಬಾರದು ಎಂಬ ಪ್ರಶ್ನೆ. ಇನ್ನೊಂದು ಸಲ ಬೇಡ ಎನ್ನುತ್ತಾನೆ. ಮುನಿಸು ಸಿಟ್ಟಾಗುತ್ತದೆ. ಸಿಟ್ಟು ಎಲ್ಲಿ ನಿಂತು ಬೇರೇನೋ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ದನಿ ಕೆಳಗಿಳಿಯುತ್ತದೆ, ಕತ್ತು ಓರೆಯಾಗುತ್ತದೆ, ಭಾಷೆ ಬದಲಾಗುತ್ತದೆ, ಭಾರವಾದ ಮಂಚ ನೆಲ ಬಿಟ್ಟು ಮೇಲೇಳುತ್ತದೆ. ಗಂಡ ಹೆಸರು ಹಿಡಿದು ಕೂಗಿದೊಡನೆ ಎಲ್ಲ ಇಳಿದು, ಏನಾಯಿತೆಂದೇ ಗೊತ್ತಿಲ್ಲದ ಗಂಗಾ ಉಳಿಯುತ್ತಾಳೆ. ಶೋಭನಾ ಇದನ್ನು ಮಾಡುವಾಗ ಭರತನಾಟ್ಯದ ಶಿಸ್ತು ಅವರ ಕಣ್ಣಿನಲ್ಲಿರುತ್ತದೆ. ಪ್ರತಿ ಹಂತವೂ ಅಳತೆ ಮಾಡಿಟ್ಟ ಹಾಗೆ. ಸೌಂದರ್ಯ ಅಂಥ ನರ್ತಕಿಯಲ್ಲ. ಅವರ ಬಲ ಮುನಿಸಿನಲ್ಲಿದೆ. ಮನೆಯ ಹುಡುಗಿಯ ಆ ಮುನಿಸು ನೂರಾರು ಸಲ ನೋಡಿದ್ದು ಎನಿಸುವುದರಿಂದಲೇ ಅದು ತಿರುಗಿಬಿದ್ದಾಗ ಎದೆ ಝಲ್ಲೆನ್ನುತ್ತದೆ. ನೃತ್ಯದಲ್ಲಿ ಶೋಭನಾ ಬಹಳ ಮೇಲೆ. ಈ ಕೋಣೆಯೊಳಗಿನ ಕೆಲವು ನಿಮಿಷಗಳಲ್ಲಿ ಮಾತ್ರ ಇಬ್ಬರನ್ನೂ ಸಮ ಸಮ ಇಡಬಹುದು. ಎದುರಿಗೆ ನಿಂತು ಪೂರ್ತಿ ಜಾಗ ಬಿಟ್ಟುಕೊಟ್ಟ ರಮೇಶ್ ಅರವಿಂದ್ ಅವರನ್ನು ವಿಮರ್ಶೆಗಳು ಅಷ್ಟಾಗಿ ಗಮನಿಸಲಿಲ್ಲ. ಗಂಡನ ಹೆದರಿಕೆ ನಿಜವಾಗದಿದ್ದರೆ ಹೆಂಡತಿಯ ರೂಪಾಂತರ ಬರಿಯ ಕಣ್ಣು ಹೊರಳಿಸುವ ಆಟವಾಗಿಬಿಡುತ್ತಿತ್ತು.

ಕಳೆದುಕೊಂಡದ್ದೂ ಇದೆ. ವಿಷ್ಣುವರ್ಧನ್ ತಾರೆ, ಅವರಿಗೆ ತಾರೆಗೆ ತಕ್ಕ ಪ್ರವೇಶ ಬೇಕು, ಗಾಳಿಪಟದ ಹಾಡು ಬೇಕು. ಮನೋವೈದ್ಯ ತಡವಾಗಿ ಬರುವುದರಲ್ಲಿದ್ದ ಸೊಗಸು ಹೋಯಿತು. ಮೂಲದಲ್ಲಿ ಮನೆ ನಾಯಕ, ಇಲ್ಲಿ ವೈದ್ಯ ನಾಯಕ. ಹಾಸ್ಯದ ಭಾಗ ಹಿಗ್ಗಿ ಕತ್ತಲೆಯ ಭಾಗ ಕುಗ್ಗಿತು. ಆದರೂ ಡಾ. ವಿಜಯ್ ಪಾತ್ರದಲ್ಲಿ ವಿಷ್ಣು ತೋರಿದ ಹಗುರ ಮಾತು, ರೋಗಿಯ ಬಗೆಗಿನ ಕನಿಕರ ಎರಡೂ ಅವರ ಕೊನೆಯ ವರ್ಷಗಳ ಒಳ್ಳೆಯ ಕೆಲಸಗಳ ಸಾಲಿನಲ್ಲಿ ನಿಲ್ಲುತ್ತವೆ. ಅವಿನಾಶ್ ಮಾಡಿದ ಆಚಾರ್ಯರಂತೂ ಮಂತ್ರವಾದಿ ಎಂದರೆ ಮೋಸಗಾರ ಎಂಬ ಸಿನಿಮಾ ರೂಢಿಯನ್ನು ಮುರಿದು, ವೈದ್ಯನ ಜತೆ ನಿಂತ ತೂಕದ ಮನುಷ್ಯ.

ವಿಮರ್ಶಕರು ಗಟ್ಟಿಯಾಗಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು. ಕಥೆ ಯಾರದು? ‘ಆಪ್ತಮಿತ್ರ’ದಲ್ಲಿ ಕಥೆಯ ಶ್ರೇಯ ಪಿ. ವಾಸು ಅವರಿಗೆ ಹೋಯಿತು. ಮಧು ಮುಟ್ಟಂ ಹೆಸರಿಲ್ಲ. 2005ರ ಏಪ್ರಿಲ್‌ನಲ್ಲಿ ರಜನೀಕಾಂತ್, ಜ್ಯೋತಿಕಾ ನಟಿಸಿದ ‘ಚಂದ್ರಮುಖಿ’ಯಲ್ಲೂ ಇಲ್ಲ. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲೈಯಾ’ ಮಾಡಿದಾಗ ಆ ಹೆಸರು ಬಂತು. ರಿಮೇಕ್ ಎಂದು ಮೂಗು ಮುರಿಯುವುದು ಬಿಟ್ಟು, ಮೂಲ ಲೇಖಕನ ಹೆಸರು ಟೈಟಲ್ ಕಾರ್ಡಿನಲ್ಲಿ ಯಾಕಿಲ್ಲ ಎಂದು ಪತ್ರಿಕೆಗಳು ಒಂದೇ ದನಿಯಲ್ಲಿ ಕೇಳಿದ್ದರೆ ಆ ಸಿಟ್ಟಿಗೆ ನ್ಯಾಯವಿರುತ್ತಿತ್ತು. ಇನ್ನೊಬ್ಬರ ಕಥೆಯನ್ನು ತಮ್ಮ ಊರಿನ ಮಣ್ಣಿನಲ್ಲಿ ನೆಡುವುದರಲ್ಲಿ ನಾಚಿಕೆಯೇನಿಲ್ಲ. ನೆಟ್ಟವರು ಬೀಜ ಕೊಟ್ಟವರ ಹೆಸರು ಹೇಳಬೇಕು, ಅಷ್ಟೆ.

‘ಚಂದ್ರಮುಖಿ’ಯ ವಿಷಯದಲ್ಲಿ ಕನ್ನಡದ ವಿಮರ್ಶೆ ಇನ್ನೊಂದು ಸಂಗತಿಯನ್ನು ಕೈಬಿಟ್ಟಿತು. ಆ ಚಿತ್ರ ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ 800 ದಿನ ದಾಟಿ ಓಡಿತು. ಅದರಲ್ಲೂ ನರ್ತಕಿ ತೆಲುಗಿನವಳೇ, ಹಾಡು ‘ರಾ ರಾ’ ಎಂದೇ ಶುರುವಾಗುತ್ತದೆ. ಮೂಲದಲ್ಲಿ ತಮಿಳತಿಯಾಗಿದ್ದವಳನ್ನು ತಮಿಳಿಗೆ ಕರೆದೊಯ್ಯುವಾಗ ಪರಕೀಯಳನ್ನಾಗಿ ಮಾಡಲೇಬೇಕಿತ್ತು. ಅದಕ್ಕೆ ಉತ್ತರ ಆಗಲೇ ಕನ್ನಡದಲ್ಲಿ ಸಿದ್ಧವಾಗಿತ್ತು. ಹಿಂದಿಯವರು ತಮ್ಮ ಅರಮನೆಗೆ ಬಂಗಾಳಿ ನರ್ತಕಿ ಮಂಜುಲಿಕಾಳನ್ನು ತಂದರು. ವಿದ್ಯಾ ಬಾಲನ್ ಅದರಲ್ಲಿ ಹೆಸರು ಮಾಡಿದರು. ಒಂದೊಂದು ನಾಡೂ ತನ್ನ ನೆರೆಯ ಭಾಷೆಯಿಂದ ತನ್ನ ಭಯವನ್ನು ಆರಿಸಿಕೊಂಡ ಈ ಬಗೆಯನ್ನು ಸಾಲಾಗಿಟ್ಟು ನೋಡಿದರೆ, ರಿಮೇಕ್ ಎಂದರೆ ನಕಲು ಎಂಬ ತೀರ್ಪು ಎಷ್ಟು ಅವಸರದ್ದು ಎಂದು ತಿಳಿಯುತ್ತದೆ.

ಅವಸರದ ತೀರ್ಪು ಹೊರಗಿನ ಜಗತ್ತಿಗೂ ಹೊಸದಲ್ಲ. 1951ರ ಚಿತ್ರವೊಂದರ ಕಥೆಯನ್ನು ಮತ್ತೆ ಎತ್ತಿಕೊಂಡು ಜಾನ್ ಕಾರ್ಪೆಂಟರ್ 1982ರಲ್ಲಿ ‘ದಿ ಥಿಂಗ್’ ಮಾಡಿದಾಗ ಅಮೆರಿಕದ ವಿಮರ್ಶಕರು ಅಸಹ್ಯವೆಂದು ಝಾಡಿಸಿದರು. ಇಂದು ಭಯಾನಕ ಚಿತ್ರಗಳ ಯಾವ ಪಟ್ಟಿಯೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಅದಕ್ಕೆ ತದ್ವಿರುದ್ಧ, ಗಸ್ ವಾನ್ ಸಾಂಟ್ 1998ರಲ್ಲಿ ಹಿಚ್‌ಕಾಕ್‌ನ ‘ಸೈಕೋ’ವನ್ನು ಹೆಚ್ಚುಕಮ್ಮಿ ಶಾಟ್‌ಗೆ ಶಾಟ್ ಮರುಚಿತ್ರಿಸಿದರು. ನಿಷ್ಠೆಯೇ ಅಳತೆಗೋಲಾದರೆ ಅದಕ್ಕಿಂತ ಒಳ್ಳೆಯ ರಿಮೇಕ್ ಇರಬಾರದು. ಜೀವವಿಲ್ಲದ ಕಸರತ್ತು ಎಂದು ಅದನ್ನು ತಳ್ಳಿಹಾಕಿದರು, ಆ ತೀರ್ಪು ಇವತ್ತಿಗೂ ಬದಲಾಗಿಲ್ಲ.

ನಾಗವಲ್ಲಿಯ ಮುಂದಿನ ಕಥೆ ಬೇಸರ ತರುವಂಥದ್ದು. ಎರಡನೆಯ ಭಾಗವಾದ ‘ಆಪ್ತರಕ್ಷಕ’ ವಿಷ್ಣುವರ್ಧನ್ ಅವರ 200ನೇ ಚಿತ್ರ. ಅದು 2010ರ ಫೆಬ್ರವರಿ 19ರಂದು ಬಿಡುಗಡೆಯಾಗುವ ಮೊದಲೇ, 2009ರ ಡಿಸೆಂಬರ್ 30ರಂದು ಅವರು ತೀರಿಕೊಂಡರು. ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಅಭಿಮಾನ್ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ನಡೆಯಿತು. ಮೊದಲ ಚಿತ್ರಕ್ಕೆ ನಾಯಕಿ ಹೋದರು, ಎರಡನೆಯದಕ್ಕೆ ನಾಯಕ ಹೋದರು, ಇದು ನಾಗವಲ್ಲಿಯ ಶಾಪ ಎಂಬ ಮಾತು ಗಾಂಧಿನಗರದಿಂದ ಟೀವಿಯವರೆಗೆ ಹಬ್ಬಿತು. ಒಂದು ವಿಮಾನ ಅಪಘಾತ, ಒಂದು ಹೃದಯಾಘಾತ. ಇವೆರಡಕ್ಕೂ ಒಂದು ಚಿತ್ರಪಟವನ್ನು ಹೊಣೆ ಮಾಡುವುದು ಎಂಥ ಅನ್ಯಾಯ! ಮೈಮೇಲೆ ಬರುವುದೆಲ್ಲ ದೆವ್ವವಲ್ಲ, ನೊಂದ ಮನಸ್ಸಿಗೆ ಚಿಕಿತ್ಸೆ ಬೇಕು ಎಂದು ಎರಡೂವರೆ ಗಂಟೆ ಹೇಳಿದ ಚಿತ್ರವನ್ನೇ ದೆವ್ವದ ಕಥೆಯಾಗಿ ಮಾಡಿ ಹಂಚಿದರು. ‘ಆಪ್ತಮಿತ್ರ’ದ ಸ್ವಾಗತದಲ್ಲಿ ಅತ್ಯಂತ ಕೆಟ್ಟ ಅಧ್ಯಾಯ ಇದೇ. ಬರೆಯುವವರು ಅದನ್ನು ತಡೆಯಬಹುದಿತ್ತು, ತಡೆಯಲಿಲ್ಲ. ‘ಆಪ್ತರಕ್ಷಕ’ವನ್ನು ವಾಸು ಅದೇ 2010ರಲ್ಲಿ ತೆಲುಗಿನಲ್ಲಿ ‘ನಾಗವಲ್ಲಿ’ ಎಂದು ತೆಗೆದರು. 2023ರಲ್ಲಿ ‘ಚಂದ್ರಮುಖಿ 2’ ಬಂತು. ಅಷ್ಟು ಹೊತ್ತಿಗೆ ಕಥೆಯೊಳಗಿನ ಕಾಯಿಲೆ ಹೋಗಿ ಬರೀ ಭೂತ ಉಳಿದಿತ್ತು. ವಿಮರ್ಶಕರು ಅದನ್ನು ಕೈಬಿಟ್ಟರು, ಈ ಸಲ ಅವರ ಮಾತು ಸರಿಯಾಗಿತ್ತು.

ಕನ್ನಡ ಯಾವಾಗಲೂ ತೆಗೆದುಕೊಳ್ಳುವ ಕೈಯೇ ಎಂಬ ಮಾತಿಗೂ ಉತ್ತರವಿದೆ. ಅನಂತ್ ನಾಗ್, ಲಕ್ಷ್ಮಿ ನಟಿಸಿದ 1979ರ ‘ನಾ ನಿನ್ನ ಬಿಡಲಾರೆ’ ಎರಡೇ ವರ್ಷದಲ್ಲಿ ‘ಮಂಗಲಸೂತ್ರ’ ಎಂಬ ಹೆಸರಿನಲ್ಲಿ ಹಿಂದಿಗೆ ಹೋಯಿತು. ಅಲ್ಲಿಯೂ ಅನಂತ್ ನಾಗ್, ಜತೆಗೆ ರೇಖಾ. ಇತ್ತೀಚಿನ ಹೆಮ್ಮೆ ಎಂದರೆ ಪವನ್ ಕುಮಾರ್ ಅವರ ‘ಯು ಟರ್ನ್’. 2016ರ ಮೇ 20ರಂದು ಬಂದ ಈ ಚಿತ್ರದ ಮೂಲ ಡಬಲ್ ರೋಡ್ ಫ್ಲೈಓವರ್‌ನ ಒಂದು ದುರಭ್ಯಾಸ. ದೂರ ಸುತ್ತಿ ಬರಲು ಬೇಸರಪಟ್ಟ ಬೈಕ್ ಸವಾರರು ನಡುವಿನ ಕಲ್ಲುಗಳನ್ನು ಸರಿಸಿ ತಿರುಗಿಸಿಕೊಳ್ಳುತ್ತಾರೆ, ಸರಿಸಿದ ಕಲ್ಲು ರಸ್ತೆಯಲ್ಲೇ ಬಿದ್ದಿರುತ್ತದೆ. ಶ್ರದ್ಧಾ ಶ್ರೀನಾಥ್ ಮಾಡಿದ ರಚನಾ ಎಂಬ ತರಬೇತಿ ಪತ್ರಕರ್ತೆ, ಫ್ಲೈಓವರ್ ಮೇಲೆ ಕೂತ ನಿರ್ಗತಿಕನೊಬ್ಬನಿಗೆ ದುಡ್ಡು ಕೊಟ್ಟು ಅಂಥ ಬೈಕುಗಳ ನಂಬರ್ ಬರೆಸಿಕೊಳ್ಳುತ್ತಾಳೆ. ಆ ಪಟ್ಟಿಯಲ್ಲಿದ್ದವರು ಒಬ್ಬೊಬ್ಬರಾಗಿ ಸಾಯುತ್ತಾರೆ.

ಬಸವೇಶ್ವರನಗರದಿಂದ ವೆಸ್ಟ್ ಆಫ್ ಕಾರ್ಡ್ ರಸ್ತೆಗೆ ಇಳಿಯುವವರಿಗೆ, ಸಿರ್ಸಿ ಸರ್ಕಲ್ ಮೇಲ್ಸೇತುವೆ ಹತ್ತಿ ಮೈಸೂರು ರಸ್ತೆ ಹಿಡಿದು ಕೆಂಗೇರಿಗೆ ಹೋಗುವವರಿಗೆ ಆ ಕಲ್ಲಿನ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಬೆಂಗಳೂರಿಗರು ಈ ಚಿತ್ರ ನೋಡಿ ಹೆದರಿದ್ದರಲ್ಲಿ ತಪ್ಪಿತಸ್ಥ ಭಾವನೆಯ ಪಾಲು ದೊಡ್ಡದು.

ಈ ಕಥೆ ಮಲಯಾಳಂನಲ್ಲಿ ‘ಕೇರ್‌ಫುಲ್’ ಆಯಿತು, 2018ರಲ್ಲಿ ಪವನ್ ಅವರೇ ಸಮಂತಾ ಅವರನ್ನಿಟ್ಟುಕೊಂಡು ತಮಿಳು, ತೆಲುಗಿನಲ್ಲಿ ಮಾಡಿದರು, 2020ರಲ್ಲಿ ಫಿಲಿಪ್ಪೀನ್ಸ್‌ಗೆ, ಮರುವರ್ಷ ಬಂಗಾಳಿಗೆ ‘ಫ್ಲೈಓವರ್’ ಎಂದು, 2023ರಲ್ಲಿ ಹಿಂದಿಗೆ ಹೋಯಿತು. ಸಮಂತಾ ಅವರ ಆವೃತ್ತಿಗೆ ಒಳ್ಳೆಯ ಮಾತು ಸಿಕ್ಕಿತು. ಹಿಂದಿಯದಕ್ಕೆ ಸಿಕ್ಕಿದ್ದು ತಣ್ಣಗಿನ ಸ್ವಾಗತ. ಅದು ಬರುವ ಹೊತ್ತಿಗೆ ನೋಡುವವರಲ್ಲಿ ಎಷ್ಟೋ ಜನ ಕನ್ನಡದ್ದನ್ನೋ ತೆಲುಗಿನದ್ದನ್ನೋ ಮನೆಯಲ್ಲೇ ಕೂತು ನೋಡಿ ಮುಗಿಸಿದ್ದರು. ಗುಟ್ಟು ಗೊತ್ತಾದ ಮೇಲೆ ಥ್ರಿಲ್ಲರ್‌ನ ಅರ್ಧ ಬಲ ಹೋಗುತ್ತದೆ. ಉಳಿದರ್ಧವನ್ನು ಹೊಸ ಊರು, ಹೊಸ ರಸ್ತೆ, ಅಲ್ಲಿಯವರದೇ ಆದ ಒಂದು ದುರಭ್ಯಾಸ ತುಂಬಬೇಕಿತ್ತು.

ಈಗ ಪರಿಸ್ಥಿತಿ ತಲೆಕೆಳಗಾಗಿದೆ. ‘ಮಣಿಚಿತ್ರತಾಳ್’ 2024ರ ಆಗಸ್ಟ್‌ನಲ್ಲಿ 4ಕೆ ರೂಪದಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಮೂಲ ಚಿತ್ರ, ಕನ್ನಡದ್ದು, ತಮಿಳಿನದ್ದು ಮೂರನ್ನೂ ವಿಜಯನಗರದ ಹುಡುಗನೊಬ್ಬ ಒಂದೇ ವಾರದಲ್ಲಿ ನೋಡಿ ಮುಗಿಸಬಲ್ಲ. ಹಾಗೆ ನೋಡುವವರು ಮಂಚ ಎತ್ತುವ ದೃಶ್ಯವನ್ನು ಮೂರರಲ್ಲೂ ಒಂದರ ಹಿಂದೆ ಒಂದು ಇಟ್ಟು ನೋಡಲಿ. ಶೋಭನಾ, ಸೌಂದರ್ಯ, ಜ್ಯೋತಿಕಾ ಮೂವರೂ ಒಂದೇ ಕಾಗದದಿಂದ ಶುರು ಮಾಡಿದ್ದಾರೆ. ಆದರೆ ಮುನಿಸು ಎಷ್ಟು ಹೊತ್ತು ಇರಬೇಕು, ಭಾಷೆ ಯಾವ ಮಾತಿನಲ್ಲಿ ಹೊರಳಬೇಕು, ಗಂಡ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಮೂರೂ ಚಿತ್ರಗಳು ಬೇರೆ ಬೇರೆಯಾಗಿ ತೀರ್ಮಾನಿಸಿವೆ. 2004ರಲ್ಲಿ ಬರೆಯದೆ ಉಳಿದ ವಿಮರ್ಶೆಯನ್ನು ಆ ಮೂರು ತೀರ್ಮಾನಗಳಿಂದ ಈಗ ಶುರು ಮಾಡಬಹುದು, ಮಧು ಮುಟ್ಟಂ ಹೆಸರನ್ನು ಮೊದಲ ಸಾಲಿನಲ್ಲೇ ಬರೆದು.